ಮೊದಲು ಬಿಸಿ, ಆಮೇಲೆ ಹಾಲು

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ. ತಾರೀಖಿನ ಕೆಳಗೆ ಒಂದು, ಒಂದೂವರೆ, ಹಾಲಿನವನು ಬಾರದ ದಿನ ಒಂದು ಅಡ್ಡಗೆರೆ. 2023ರ ಜುಲೈ ಪುಟದಲ್ಲಿ ಮಾತ್ರ ಆ ಲೆಕ್ಕದ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಮೂರು ಅಂಕಿಗಳಿವೆ: 94, 88, 71. ಆಯಿಯ ಕೈಬರಹ. ಆಗಷ್ಟೇ ಹುಟ್ಟಿದ ಮೂರು ಬೆಕ್ಕಿನ ಮರಿಗಳ ತೂಕ ಅದು, ಗ್ರಾಂ ಲೆಕ್ಕದಲ್ಲಿ. 1998ರ ಕ್ಯಾಲೆಂಡರು ನಮ್ಮಲ್ಲಿ ಉಳಿದಿಲ್ಲ. ಉಳಿದಿದ್ದರೂ ಅದರಲ್ಲಿ ಮರಿಗಳ ಲೆಕ್ಕ ಸಿಗುತ್ತಿರಲಿಲ್ಲ. ಆ ವರ್ಷ ಹುಟ್ಟಿದ ನಾಲ್ಕು ಮರಿಗಳೂ ಮೂರು ದಿನದೊಳಗೆ ಸತ್ತವು.

ಅಪ್ಪ ಅಂಕೋಲಾ ಕಡೆಯವನು. ಅಣೆಕಟ್ಟಿನ ಕೆಲಸಕ್ಕೆಂದು ಕದ್ರಾಕ್ಕೆ ಬಂದು ಇಲ್ಲೇ ಉಳಿದುಬಿಟ್ಟ. 1997ರಲ್ಲಿ ಇಲ್ಲಿನ ಮೊದಲ ವಿದ್ಯುತ್ ಘಟಕ ಶುರುವಾಗಿತ್ತು. ತಲಾ 50 ಮೆಗಾವ್ಯಾಟಿನ ಮೂರು ಘಟಕಗಳ ಯೋಜನೆ ಅದು. ಕಾಳಿ ನದಿಯ ಮೇಲ್ಗಡೆ ಕೊಡಸಳ್ಳಿ ಅಣೆಕಟ್ಟಿನ ಕೆಲಸ, ಕೈಗಾ ಅಣು ಸ್ಥಾವರದ ಕೆಲಸ ಎರಡೂ ನಡೆದಿದ್ದವು. ನಮ್ಮದು ಹೆಂಚಿನ ಮನೆ. ಹಿಂದುಗಡೆ ಬಚ್ಚಲು, ಅದಕ್ಕೆ ಹೊಂದಿಕೊಂಡು ಕಟ್ಟಿಗೆ ಒಟ್ಟುವ ಮಾಡು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ. ಸಂಜೆ ಉರಿ ಹಾಕಿದರೆ ಬೆಳಗಿನವರೆಗೂ ಒಲೆಯ ಬೂದಿ ಬೆಚ್ಚಗಿರುತ್ತಿತ್ತು. ಮಳೆಗಾಲದಲ್ಲಿ ಮನೆಯ ಬೆಕ್ಕು ಮಲಗುತ್ತಿದ್ದುದೇ ಆ ಬೂದಿಯಲ್ಲಿ. ಬೆಳಿಗ್ಗೆ ಮೈ ಕೊಡವಿಕೊಂಡು ಎದ್ದರೆ ಕರಿಬೆಕ್ಕೂ ಬೂದುಬೆಕ್ಕಾಗಿರುತ್ತಿತ್ತು.

ಆ ಬೆಕ್ಕಿಗೆ ಅದು ಮೊದಲ ಹೆರಿಗೆ. ಹಿಂದಿನ ಚವತಿಯ ಹೊತ್ತಿಗೆ ಅಂಗೈಯಗಲದ ಮರಿಯಾಗಿ ಬಂದದ್ದು. ಅಂದರೆ ಅದಕ್ಕಿನ್ನೂ ವರ್ಷವೇ ತುಂಬಿರಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಕಟ್ಟಿಗೆ ಮಾಡಿನಲ್ಲಿ ಮರಿ ಹಾಕಿತು. ಬೆಳಿಗ್ಗೆ ನಾನು ನೋಡಿದಾಗ ನಾಲ್ಕು ಮರಿಗಳು ನಾಲ್ಕು ಕಡೆ ಬಿದ್ದಿದ್ದವು. ಎರಡರ ಮೈಮೇಲೆ ಇನ್ನೂ ಪೊರೆ ಅಂಟಿಕೊಂಡಿತ್ತು. ಮಳೆಯ ಇರಚಲು ಒಳಗೆ ಬರುತ್ತಿತ್ತು. ತಾಯಿಬೆಕ್ಕು ದೂರದಲ್ಲಿ ಕಟ್ಟಿಗೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

ಮರಿಗಳನ್ನು ಬಚ್ಚಲ ಒಲೆಯ ಮಗ್ಗುಲಲ್ಲಿಡು ಎಂದು ಅಜ್ಜಿ ಹೇಳಿದ್ದಳು. ಇಟ್ಟೆ. ಆದರೆ ಅದಕ್ಕೂ ಮೊದಲು ಹಾಲು ಕುಡಿಸಿದ್ದೆ. ನನಗಾಗ ಹತ್ತು ವರ್ಷ. ಮರಿ ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ ಎಂದರೆ ಅದಕ್ಕೆ ಹಸಿವೆ ಎಂದೇ ನನಗೆ ಗೊತ್ತಿದ್ದದ್ದು. ಹಸುವಿನ ಹಾಲಿಗೆ ನೀರು ಬೆರೆಸಿ, ದೇವರ ದೀಪದ ಬತ್ತಿಯನ್ನು ಅದರಲ್ಲಿ ಅದ್ದಿ, ಮರಿಯನ್ನು ಎಳೆಗೂಸಿನ ಹಾಗೆ ಅಂಗಾತ ಮಲಗಿಸಿಕೊಂಡು ಹಿಂಡಿದೆ. ಮೂರನೆಯ ಹನಿಗೆ ಮರಿಯ ಮೂಗಿನಲ್ಲಿ ಹಾಲಿನ ಒಂದು ಗುಳ್ಳೆ ಎದ್ದಿತು. ಅದು ಒಡೆಯಿತು, ಇನ್ನೊಂದು ಎದ್ದಿತು. ಕುಡಿಯುತ್ತಿದೆ ಎಂದುಕೊಂಡು ನಾನು ಇನ್ನೂ ಹಿಂಡಿದೆ.

ಆ ಮರಿ ಸಂಜೆಗೇ ಸತ್ತಿತು. ಮರುದಿನ ಇನ್ನೊಂದು, ಬಾಲದ ಬುಡವೆಲ್ಲ ಹಳದಿ ಭೇದಿ ಮೆತ್ತಿಕೊಂಡು. ಹಗಲಲ್ಲಿ ಬಚ್ಚಲಿಗೆ ಉರಿ ಹಾಕುವವರಿರಲಿಲ್ಲ, ಬೂದಿ ಆರುತ್ತಿತ್ತು. ತಾಯಿ ಬಂದು ಮೂಸಿ ನೋಡಿ ಹೋಗುತ್ತಿತ್ತು. ಅದು ಬಂದಾಗಲೆಲ್ಲ ನಾವು ಮಕ್ಕಳು ಬಾಗಿಲಲ್ಲಿ ಗುಂಪು ಸೇರುತ್ತಿದ್ದೆವು. ಮೂರನೆಯದು ಆ ರಾತ್ರಿ ಹೋಯಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ನಾಲ್ಕನೆಯದರ ಅರ್ಧ ಮೈ ಮಾತ್ರ ಉಳಿದಿತ್ತು. ತಾಯಿ ತಿಂದಿತ್ತು.

“ಮರಿ ಸಾಕೂಕೆ ಬರೂದಿಲ್ಲ ಅದಕ್ಕೆ. ಮರಿ ತಿನ್ನೂ ಬೆಕ್ಕು ಮನೇಲಿ ಇರೂದು ಬೇಡ,” ಎಂದಳು ಅಜ್ಜಿ. ಅಜ್ಜಿ ಕೆಟ್ಟವಳಲ್ಲ. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅಪ್ಪ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸೈಕಲ್ಲಿನ ಹಿಂದೆ ಇಟ್ಟುಕೊಂಡು ಹೋಗಿ ಮಲ್ಲಾಪುರದ ಪೇಟೆಯಲ್ಲಿ ಬಿಟ್ಟುಬಂದ. ಆಮೇಲೆ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಆ ಮೂರು ದಿನ ಏನಾಯಿತು ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಕಾರವಾರದಲ್ಲಿ ನೆಲೆಸಿದ ಮೇಲೆ ಪಶುವೈದ್ಯರೊಬ್ಬರ ಹತ್ತಿರ ಕೂತು ಕೇಳಿ ತಿಳಿದೆ. ಹುಟ್ಟಿದ ಬೆಕ್ಕಿನ ಮರಿಗೆ ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳುವ ಶಕ್ತಿ ಇಲ್ಲ. ಮೂರು ನಾಲ್ಕು ವಾರ ಅದು ತಾಯಿಯ ಮೈಬಿಸಿಯಲ್ಲೇ ಬದುಕಬೇಕು. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಅರಗದೆ ಹಾಗೇ ನಿಲ್ಲುತ್ತದೆ. ನುಂಗುವ ಶಕ್ತಿಯೂ ಇಲ್ಲದ್ದರಿಂದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಗಾತ ಹಿಡಿದು ಕುಡಿಸಿದರಂತೂ ಇಳಿಯುವುದು ಸಲೀಸು. ನಾನು ನೋಡಿದ ಗುಳ್ಳೆ ಅದೇ. ಹಸುವಿನ ಹಾಲಿನಲ್ಲಿ ಬೆಕ್ಕಿನ ಹಾಲಿನ ಅರ್ಧದಷ್ಟೂ ಪ್ರೋಟೀನಿಲ್ಲ, ಸಕ್ಕರೆಯಂಶ ಮಾತ್ರ ಮರಿ ತಡೆಯಲಾರದಷ್ಟಿದೆ. ಭೇದಿ ಅದರಿಂದ. ಸತ್ತ ಮರಿಯನ್ನು, ಬದುಕುವುದಿಲ್ಲ ಎನಿಸಿದ ಮರಿಯನ್ನು ತಾಯಿ ತಿಂದುಬಿಡುವುದು ಬೆಕ್ಕುಗಳಲ್ಲಿ ಇರುವ ರೂಢಿಯೇ. ಚೊಚ್ಚಲ ಹೆರಿಗೆಯಲ್ಲಿ, ಅದೂ ಸುತ್ತ ಜನ ಗದ್ದಲ ಮಾಡುತ್ತಿದ್ದರೆ, ಇನ್ನೂ ಹೆಚ್ಚು. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಅಜ್ಜಿಯೇ ಹೇಳುತ್ತಿದ್ದಳು. ಬೆದರಿದ ಬೆಕ್ಕು ಜಾಗ ಹುಡುಕುತ್ತದೆ ಎಂಬುದು ಆ ಮಾತಿನೊಳಗೇ ಇದೆ. ನಾವದನ್ನು ಗಾದೆಯಂತೆ ಹೇಳಿಕೊಂಡೆವೇ ಹೊರತು ನಮ್ಮ ಬೆಕ್ಕಿಗೆ ಅನ್ವಯಿಸಿ ನೋಡಲಿಲ್ಲ.

2023ರ ಜುಲೈ ಎರಡನೇ ವಾರ ನಾನು ಕದ್ರಾದ ಮನೆಯಲ್ಲೇ ಇದ್ದೆ. ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಆಯಿ ಒಬ್ಬಳೇ. ಹಂಡೆ ಅಟ್ಟ ಸೇರಿದೆ, ಬಚ್ಚಲಿಗೆ ಗೀಸರ್ ಬಂದಿದೆ, ಬೂದಿ ಎಂಬುದು ಮನೆಯಲ್ಲಿಲ್ಲ. ಆಯಿ ಅನ್ನ ಹಾಕುತ್ತಿದ್ದ ಹತ್ತು ತಿಂಗಳ ಬೆಕ್ಕೊಂದು ಹಳೆಯ ಕಟ್ಟಿಗೆ ಮಾಡಿನಲ್ಲೇ ಮರಿ ಹಾಕಿತು. ಈ ಸಲ ಮೂರು. ಅದೇ ಮಳೆ, ಅದೇ ಇರಚಲು. ತಾಯಿ ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ಕೂತಿತ್ತು.

ಆಯಿ ಪಾತ್ರೆಯಲ್ಲಿ ಹಾಲು ಬಿಸಿಗಿಟ್ಟಿದ್ದಳು. ಬೇಡ ಎಂದೆ. ಕಿರುಬೆರಳ ತುದಿಯನ್ನು ಸಣ್ಣ ಮರಿಯ ಬಾಯೊಳಗೆ ಇಟ್ಟು ನೋಡಿದೆ. ಒಳಗೆ ತಣ್ಣಗಿತ್ತು, ಮಳೆಯಲ್ಲಿ ನೆನೆದ ಕಲ್ಲಿನಷ್ಟು. ಬಾಯೊಳಗೆ ಹಾಗಿದ್ದರೆ ಒಂದು ಹನಿಯೂ ಕೊಡಬಾರದು. ಒಣಬಟ್ಟೆಯಿಂದ ಮೂರನ್ನೂ ಒರೆಸಿದೆವು. ಬಲ್ಬು ಹಾಕಬಹುದಿತ್ತು, ಆದರೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕದ್ರಾದಲ್ಲೂ ರಾತ್ರಿಯಿಡೀ ಕತ್ತಲೆಯೇ. ಆ ರಾತ್ರಿಯೂ ಕರೆಂಟು ಹೋಗಿತ್ತು. ಗ್ಯಾಸಿನ ಮೇಲೆ ನೀರು ಕಾಯಿಸಿ ಎರಡು ಬಾಟಲಿಗೆ ತುಂಬಿ, ಅಪ್ಪನ ಹಳೆಯ ಉಣ್ಣೆ ಕಾಲುಚೀಲ ತೊಡಿಸಿ, ರಟ್ಟಿನ ಪೆಟ್ಟಿಗೆಯ ಒಂದೇ ಪಕ್ಕಕ್ಕೆ ಇಟ್ಟೆವು. ಇನ್ನೊಂದು ಪಕ್ಕ ಖಾಲಿ, ಸೆಕೆಯಾದರೆ ಮರಿ ತೆವಳಿಕೊಂಡು ಹೋಗಲಿಕ್ಕೆ. ಅವಸರದಲ್ಲಿ ಕಾಯಿಸಿದರೆ ಅದೂ ಕೊಲ್ಲುತ್ತದೆ. ಬಾಯೊಳಗೆ ಬೆಚ್ಚಗಾಗಲು ಒಂದೂವರೆ ತಾಸು ಹಿಡಿಯಿತು. ಆ ಒಂದೂವರೆ ತಾಸು ಸುಮ್ಮನೆ ಕೂತಿರುವುದು ಆಯಿಗೆ ಬಹಳ ಕಷ್ಟವಾಯಿತು. “ಹಸಿದು ಸಾಯ್ತವಲ್ಲೇ ಮಗಾ,” ಎನ್ನುತ್ತಲೇ ಇದ್ದಳು.

ಅಷ್ಟರಲ್ಲಿ ಮಾಡಬೇಕಾದ ಇನ್ನೊಂದು ಕೆಲಸವಿತ್ತು. ತಾಯಿಗೆ ಊಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ತಾರ್ಲೆ, ಬಂಗಡೆ ಸಿಗುವ ಕಾಲವಲ್ಲ, ಉಪ್ಪಿನ ಒಣಮೀನು ಬೆಕ್ಕಿಗೆ ಒಳ್ಳೆಯದಲ್ಲ. ಎರಡು ಮೊಟ್ಟೆ ಬೇಯಿಸಿ ಅನ್ನದ ಜೊತೆ ಹಿಚುಕಿ ಬಾವಿಕಟ್ಟೆಗೆ ಒಯ್ದೆ. ಗಬಗಬನೆ ತಿಂದಿತು. ತಿನ್ನುವಾಗ ಹೊಟ್ಟೆಯ ಕೆಳಗೆ ಕೈಹಾಕಿ ಒಂದು ಮೊಲೆಯನ್ನು ಮೆಲ್ಲಗೆ ಒತ್ತಿ ನೋಡಿದೆ. ತುದಿಯಲ್ಲಿ ಬಿಳಿಯ ಒಂದು ಹನಿ ಮೂಡಿತು. ಹಾಲಿತ್ತು. ಮರಿಗೆ ರೋಗ ತಡೆಯುವ ಶಕ್ತಿ ಸಿಗುವುದೇ ಮೊದಲ ಹೊತ್ತಿನ ಗಿಣ್ಣದ ಹಾಲಿನಿಂದ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಪೆಟ್ಟಿಗೆಯನ್ನು ಬಚ್ಚಲ ಮೂಲೆಗೆ ಒಯ್ದೆವು. ಬೆಕ್ಕನ್ನು ಅಲ್ಲಿ ಬಿಟ್ಟು, ಬೆಚ್ಚಗಾದ ಮರಿಗಳನ್ನು ಅದರ ಹೊಟ್ಟೆಗೆ ಹಚ್ಚಿ, ಬಾಗಿಲು ಎಳೆದುಕೊಂಡೆವು. ಒಳಗೆ ಹೋಗುವವಳು ಆಯಿ ಒಬ್ಬಳೇ ಎಂದು ಮಾತಾಯಿತು. ಅರ್ಧ ತಾಸಿನ ಮೇಲೆ ಅವಳು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನನ್ನನ್ನು ಕರೆದಳು. ಬೆಕ್ಕು ನೆಕ್ಕುವ ಸದ್ದು ಕೇಳುತ್ತಿತ್ತು.

ಮರುದಿನ ಕಾರವಾರದಿಂದ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ತರಿಸಿದೆ. 71 ಗ್ರಾಮಿನ ಮರಿ ಅಣ್ಣ ಅಕ್ಕಂದಿರ ನಡುವೆ ಮೊಲೆ ಹಿಡಿಯಲಾರದೆ ಹೊರಬೀಳುತ್ತಿತ್ತು. ಅದಕ್ಕೆ ಎರಡು ತಾಸಿಗೊಮ್ಮೆ ಸೂಜಿ ತೆಗೆದ ಸಿರಿಂಜಿನಲ್ಲಿ 2 ಮಿಲಿ ಹಾಲು, ಬೋರಲಾಗಿ ಹಿಡಿದು, ಹನಿ ಹನಿಯಾಗಿ. ಆಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಒರೆಸಬೇಕು, ತಾಯಿ ನೆಕ್ಕುವ ಹಾಗೆ. ಇಲ್ಲದಿದ್ದರೆ ಅದಕ್ಕೆ ಮೂತ್ರವೂ ಆಗುವುದಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ. ಚೆನ್ನಾಗಿರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತದೆ. ಏರದೆ ನಿಂತರೆ, ಕಣ್ಣಿಗೆ ಏನೂ ಕಾಣದಿದ್ದರೂ, ಅದು ಅಪಾಯದ ಸೂಚನೆ.

ಕ್ಯಾಲೆಂಡರಿನಲ್ಲಿ ದೊಡ್ಡದರ ಸಾಲು 94, 103, 115 ಎಂದು ಏರುತ್ತ ಹೋಗಿದೆ. ಎರಡನೆಯದೂ ಹಾಗೆಯೇ. ಮೂರನೆಯದು 71, 70, 72, 67. ಐದನೆಯ ದಿನ ಆಯಿ ಅಲ್ಲಿ ಹಾಲು ಬಾರದ ದಿನದ ಹಾಗೆ ಒಂದು ಅಡ್ಡಗೆರೆ ಎಳೆದಿದ್ದಾಳೆ. ನಾವು ಏನೂ ತಪ್ಪು ಮಾಡಿರಲಿಲ್ಲ. ಅದು ಹುಟ್ಟುವಾಗಲೇ ಸೋತಿತ್ತು. ಎಲ್ಲವನ್ನೂ ಉಳಿಸಿಕೊಳ್ಳಬಹುದು ಎಂದು ನಾನು ಯಾರಿಗೂ ಹೇಳುವುದಿಲ್ಲ. ತಿಳಿಯದೆ ಕೊಲ್ಲುವುದನ್ನು ಮಾತ್ರ ನಿಲ್ಲಿಸಬಹುದು. ಕೈಯಲ್ಲಿ ಸತ್ತ ಆ ಮರಿಯನ್ನು ತಾಯಿಗೆ ತೋರಿಸಿ, ಅದು ಮೂಸಿ ಮುಖ ತಿರುಗಿಸಿದ ಮೇಲೆ, ಹಿತ್ತಿಲಲ್ಲಿ ಹೂತೆವು.

ಉಳಿದ ಎರಡು ಒಂಬತ್ತನೆಯ ದಿನ ಕಣ್ಣು ಬಿಟ್ಟವು. ಚವತಿಯ ಹೊತ್ತಿಗೆ ಗಣಪತಿಯ ಮುಂದಿನ ಫಲಾವಳಿಗೆ ಹಾರುವಷ್ಟಾಗಿದ್ದವು. ಮೊಲೆಯೂಡುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಲ್ಲದು. ಹಾಗಾಗಿ ತಾಯಿಯನ್ನು ಬಚ್ಚಲಿನಿಂದ ತಂದು ಮನೆಯೊಳಗಿಟ್ಟುಕೊಂಡು, ಮರಿಗಳು ಹಾಲು ಬಿಟ್ಟ ಮೇಲೆ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮರಿಗಳಲ್ಲಿ ಒಂದು ಗುರುತಿನವರ ಮನೆ ಸೇರಿತು, ಇನ್ನೊಂದು ಇಲ್ಲೇ ಇದೆ.

ಶಸ್ತ್ರಚಿಕಿತ್ಸೆಯ ದಿನ ಕಾರವಾರದಿಂದ ಹಿಂದಿರುಗುವಾಗ ಬೆಕ್ಕಿನ ಬುಟ್ಟಿ ಆಯಿಯ ಮಡಿಲಲ್ಲಿತ್ತು. ಮಲ್ಲಾಪುರದ ಪೇಟೆ ದಾಟುವಾಗ ಅವಳು ಹೊರಗೆ ನೋಡುತ್ತ ಕೇಳಿದಳು: “ಆಗಿನ ಆ ಬೆಕ್ಕಿಗೂ ಹಾಲಿತ್ತೇನೋ, ಅಲ್ದಾ?”

ಇತ್ತು. ಅದರ ಹೊಟ್ಟೆಯ ರೋಮ ಒದ್ದೆಯಾಗಿ ಅಂಟಂಟಾಗಿದ್ದುದು ನನ್ನ ಕೈಗೆ ನೆನಪಿದೆ. ಅಪ್ಪ ಗೋಣಿಯ ಬಾಯಿ ಅಗಲಿಸಿ ನಿಂತಾಗ ಬೆಕ್ಕನ್ನು ಎತ್ತಿ ಕೊಟ್ಟವಳು ನಾನೇ.