ಅವಸರಕ್ಕೆ ಮದ್ದಿಲ್ಲ



ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮನ್ನು ನೋಡುತ್ತಿರುತ್ತೇನೆ. ಹಲವರದು ಕಟ್ಟುಮಸ್ತಾದ ಮೈ, ಮಾತೆಲ್ಲ ಜಿಮ್ಮಿನದೇ. ಮೊನ್ನೆ ಒಬ್ಬ ಹುಡುಗ ಬೇಸರದಿಂದ ಹೇಳಿದ: "ಅಂಕಲ್, ಆರು ತಿಂಗಳಾಯ್ತು, ತೂಕ ಏರ್ತಾನೇ ಇಲ್ಲ." ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಇಪ್ಪತ್ತೆರಡರ ವಯಸ್ಸಿನಲ್ಲಿ ಡೊಂಬಿವಲಿಯ ಒಂದು ವ್ಯಾಯಾಮಶಾಲೆಗೆ ನಾನೂ ಸೇರಿದ್ದೆ. ಮೊದಲ ವಾರ ಹೆಗಲ ಮೇಲೆ 40 ಕಿಲೋ ಹೊತ್ತು ಬಸ್ಕಿ ಹೊಡೆದೆ. ವಾರಕ್ಕೆ ಎರಡೂವರೆ ಕಿಲೋ ಸಲೀಸಾಗಿ ಏರಿ, ಆರು ತಿಂಗಳಿಗೆ 100 ಆಯಿತು. ವರ್ಷದ ಕೊನೆಗೆ 160 ಎಂದು ಡೈರಿಯಲ್ಲಿ ಬರೆದುಕೊಂಡೆ. ಆದದ್ದು 115. ಮರುವರ್ಷ ಇಡೀ ಬೆವರು ಸುರಿಸಿದರೂ ಸೇರಿದ್ದು ಹತ್ತೇ ಕಿಲೋ.

ಆಗ ಜೊತೆಗಾರನೊಬ್ಬ ಕಾಗದದಲ್ಲಿ ಸುತ್ತಿದ ಮಾತ್ರೆಗಳನ್ನು ಕೈಗಿಟ್ಟ. "ಒಂದು ತಿಂಗಳು ತಗೊಂಡು ನೋಡು" ಎಂದ. ಮೂರು ದಿನ ಅವು ಜೇಬಿನಲ್ಲೇ ಇದ್ದವು. ಬಟ್ಟೆ ಒಗೆಯಲು ತೆಗೆದ ಅಮ್ಮ ಕೇಳಿದರು: "ಇದು ಯಾವ ಕಾಯಿಲೆಗೋ?" ನನ್ನಲ್ಲಿ ಉತ್ತರವಿರಲಿಲ್ಲ. ಪೊಟ್ಟಣ ಅಂದೇ ಕಸದ ಡಬ್ಬಿ ಸೇರಿತು. ಅಂಥ ಮಾತ್ರೆಗಳು ಹೃದಯಕ್ಕೂ ಯಕೃತ್ತಿಗೂ ಮಾಡುವ ಹಾನಿ ನನಗೆ ತಿಳಿದದ್ದು ಆಮೇಲೆ.

ಇನ್ನೊಂದೂ ತಿಳಿಯಿತು. ಆರಂಭದಲ್ಲಿ ಬಲ ಏರುವುದು ಹೆಚ್ಚಾಗಿ ಸ್ನಾಯು ಬೆಳೆದುದರಿಂದಲ್ಲ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸಲು ನರಗಳು ಕಲಿಯುವುದರಿಂದ. ಆ ಕಲಿಕೆ ಬೇಗ ಆಗುತ್ತದೆ. ಆನಂತರ ಸ್ನಾಯುವೇ ಬೆಳೆಯಬೇಕು. ಅದಕ್ಕೆ ಊಟ, ನಿದ್ದೆ, ವರ್ಷಗಳು ಬೇಕು. ಭಾರ ಹೆಚ್ಚಿದಷ್ಟೂ ದಣಿವಾರಲು ಹೆಚ್ಚು ದಿನ ಹಿಡಿಯುತ್ತದೆ.

ದೊಡ್ಡವರ ಲೆಕ್ಕ ನೋಡಿ. ಮೀರಾಬಾಯಿ ಚಾನು 2017ರಲ್ಲಿ ವಿಶ್ವ ಚಾಂಪಿಯನ್ ಆದಾಗ ಎತ್ತಿದ್ದು ಒಟ್ಟು 194 ಕಿಲೋ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ 202. ನಡುವಿನ ವರ್ಷಗಳ ದುಡಿಮೆಗೆ ಎಂಟು ಕಿಲೋ! ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ಪಡೆದರು. 2022ರಲ್ಲಿ, ಮೇಲಿನ ದೇಹತೂಕದ ವಿಭಾಗದಲ್ಲಿ, 269 ಎತ್ತಿ ಕಂಚು. ನಾಲ್ಕು ವರ್ಷಕ್ಕೆ ಇಪ್ಪತ್ತು ಕಿಲೋ. ನಾನು ಮೊದಲ ಎರಡು ತಿಂಗಳಲ್ಲೇ ಅಷ್ಟು ಏರಿಸಿದ್ದೆ; ಹಾಗೆಂದು ನಾನು ಅವರಿಗಿಂತ ಬಲಶಾಲಿಯೇ?

ಆದ್ದರಿಂದ ಮಿತ್ರರೇ, ತೂಕ ನಿಧಾನವಾಗಿ ಏರುತ್ತಿದೆಯೆಂದರೆ ನೀವು ಸೋತಿರೆಂದಲ್ಲ, ಸಾಕಷ್ಟು ಮುಂದೆ ಬಂದಿದ್ದೀರಿ ಎಂದರ್ಥ. ತಿಂಗಳಿಗೆ ಒಂದೇ ಕಿಲೋ ಏರಿದರೂ ಡೈರಿಯಲ್ಲಿ ಬರೆದಿಡಿ. ಯಾರಾದರೂ ಪೊಟ್ಟಣ ನೀಡಲು ಬಂದರೆ, ನಮ್ಮಮ್ಮ ಕೇಳಿದ ಪ್ರಶ್ನೆಯನ್ನೇ ಅವರಿಗೆ ಕೇಳಿ.