ಸೆಗಣಿಯ ಸಾಲು, ಕುಂಕುಮದ ಗೆರೆ

ದೀಪಾವಳಿ ಕಳೆದು ವಾರವಾಯಿತು. ಕಿಗ್ಗದಲ್ಲಿ ಮಳೆ ಇನ್ನೂ ಪೂರ್ತಿ ಹೋದ ಹಾಗಿಲ್ಲ. ಮಳೆ ತರಿಸುವ ಋಷಿ ಋಷ್ಯಶೃಂಗನ ಊರು, ಮಳೆಗೆ ಇಲ್ಲಿ ಸಲಿಗೆ ಜಾಸ್ತಿ. ಆದರೆ ಅಡಕೆ ಕೊಯ್ಲು ಕಾಯುವುದಿಲ್ಲವಲ್ಲ. ಅಡಕೆ ಒಣಗಿಸಲೆಂದು ಪಾಚಿ ಕೆರೆದು, ಬಡಿದು ಗಟ್ಟಿ ಮಾಡಿದ ಅಂಗಳಕ್ಕೆ ಬೆಳಗಿನಿಂದ ಸೆಗಣಿ ಬಳಿಯುತ್ತಿದ್ದೇವೆ. ಇದ್ದಿಲ ಪುಡಿ ಬೆರೆಸಿ ಕದಡಿದ ಸೆಗಣಿ ಬಕೆಟಿನಲ್ಲಿ ಕಪ್ಪಗೆ ಹೊಳೆಯುತ್ತಿದೆ. ಚಿಕ್ಕಮ್ಮ ಸೊಂಟ ಬಗ್ಗಿಸಿ ಅಡಕೆ ಹಾಳೆಯ ತುಂಡನ್ನು ಅರ್ಧಚಂದ್ರದ ಹಾಗೆ ಎಳೆಯುತ್ತಾಳೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ, ಮತ್ತೆ ಎಳೆಯುತ್ತಾಳೆ.

ಕಾಫಿಗೆ ಜಗಲಿಯ ಮೇಲೆ ಕೂತಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತೇನೆ. ನೆಲದ ಮೇಲೆ ಇಟ್ಟಿಗೆಗಳ ಜೋಡಿಸಾಲು, ಬಾಗಿಕೊಂಡು ಹೋಗಿದೆ. ಇಟ್ಟಿಗೆಯೆಲ್ಲ ಸೆಗಣಿಯದು. ನಡುವಿನ ಸಂದಿಯಲ್ಲಿ ಗಾರೆಯ ಬದಲು ಕುಂಕುಮ. ಕಲಾವಿದೆ ಶೀಲಾ ಗೌಡ 1996ರಲ್ಲಿ ಮಾಡಿದ 'ಮಾರ್ಟರ್ ಲೈನ್'.

"ಇದೆಂಥದೇ? ಬಯಲುಸೀಮೇಲಿ ಬೆರಣಿ ಒಟ್ಟಿದ ಹಾಗಿದೆ."

"ಶಿಲ್ಪ, ಚಿಕ್ಕಮ್ಮ. ಮಾಡಿದವರು ಭದ್ರಾವತಿಲಿ ಹುಟ್ಟಿದವರು."

"ಹಾಗಾದ್ರೆ ಸೆಗಣಿ ಗೊತ್ತಿರತ್ತೆ ಬಿಡು."

ನಗುತ್ತಲೇ ಫೋಟೊ ಹತ್ತಿರಕ್ಕೆ ಎಳೆದುಕೊಂಡಳು. ಸೆಗಣಿ ಮೆತ್ತಿದ ಬೆರಳು ಆ ಕೆಂಪು ಗೆರೆಯ ಮೇಲೆ ನಿಂತಿತು. ನಗು ನಿಂತಿತು. "ಇದು ಹಣೆಗಿಟ್ಟ ಕುಂಕುಮ ಅಲ್ಲ. ಕಡಿದ ಜಾಗದ ಹಾಗೆ ಕಾಣತ್ತೆ."

ನಾನಿನ್ನೂ ಏನೂ ಹೇಳಿರಲಿಲ್ಲ. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಬಾಬರಿ ಮಸೀದಿ ಉರುಳಿದ್ದು, ಆಮೇಲೆ ಮುಂಬಯಿ ಹೊತ್ತಿ ಉರಿದದ್ದು, ಶಾಂತಿನಿಕೇತನ ಮತ್ತು ಲಂಡನ್ನಿನಲ್ಲಿ ಚಿತ್ರಕಲೆ ಕಲಿತು ಬಂದಿದ್ದ ಶೀಲಾ ಆ ದಿನಗಳಲ್ಲಿ ಕ್ಯಾನ್ವಾಸಿನಿಂದ ಸೆಗಣಿಯತ್ತ ಹೊರಳಿದ್ದು, ಯಾವುದನ್ನೂ.

ಫೋಟೊ ಮೊದಲು ನೋಡಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ನಮ್ಮ ಮನೆಯ ಸೆಗಣಿಗೆ ಗ್ಯಾಲರಿಯಲ್ಲೇನು ಕೆಲಸ ಅಂತ. ಈಗ ಚಿಕ್ಕಮ್ಮನ ಕೈ ನೋಡುತ್ತಿದ್ದೇನೆ. ಈ ಕೈಯೇ ಹಬ್ಬದ ದಿನ ಸೆಗಣಿ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕನನ್ನು ಕೂರಿಸುತ್ತದೆ. ಉಳಿದದ್ದನ್ನು ತೋಟದ ಗೊಬ್ಬರಕ್ಕೆ ಬಾಚಿ ಹಾಕುತ್ತದೆ. ಹಸುವಿನ ಹೆಸರಲ್ಲಿ ಬೀದಿಯಲ್ಲಿ ಕೂಗುವವರು ಬೇರೆ, ಕೊಟ್ಟಿಗೆಯಲ್ಲಿ ಸೆಗಣಿ ಬಾಚುವವರು ಬೇರೆ. ಶೀಲಾ ಇಟ್ಟಿಗೆ ಹಾಕಿದ್ದು ಬಾಚುವವರ ಸೆಗಣಿಯಿಂದ. ಪೂಜೆಯ ಕುಂಕುಮವನ್ನೇ ಸಂದಿಗೆ ತುಂಬಿ, ಅದು ಯಾವಾಗ ರಕ್ತದ ಬಣ್ಣವಾಗುತ್ತದೆಂದು ನೋಡಿ ಅಂದರು. ಒಂದು ಘೋಷಣೆಯಿಲ್ಲ, ಒಂದು ಮುಖವಿಲ್ಲ. ರಾಜಕೀಯದ ಮಾತನ್ನು ಇಷ್ಟು ಮೆಲ್ಲಗೆ, ಇಷ್ಟು ಖಚಿತವಾಗಿ ಹೇಳಿದ ಶಿಲ್ಪವನ್ನು ನಾನು ಬೇರೆ ಕಂಡಿಲ್ಲ.

ನರಸಿಂಹ ಪರ್ವತದ ಕಡೆ ಮೋಡ ಕಟ್ಟುತ್ತಿದೆ. ಚಿಕ್ಕಮ್ಮ ಸೆರಗಿನಿಂದ ಮೊಬೈಲಿನ ಗಾಜು ಒರೆಸಿ ಕೊಟ್ಟು ಎದ್ದಳು. ಅರ್ಧ ಅಂಗಳ ಇನ್ನೂ ಬಾಕಿ. ಬಳಿದದ್ದು ಒಂದು ಮಳೆಗಾಲ ತಡೆಯುವುದಿಲ್ಲ, ಬರುವ ವರ್ಷ ಮತ್ತೆ ಬಳಿಯಬೇಕು.