ಬೆಂಕಿಯ ಬೆಟ್ಟ, ಬೀಳುವ ನೀರು

“ಕಾಶಿಗೆ ಹೋಗತಕ್ಕ ವಯಸ್ಸಿನಲ್ಲಿ ಬೆಂಕಿಯ ಬೆಟ್ಟವನ್ನು ನೋಡಲು ಹೊರಟಿರಾ?” ಎಂದು ನೆರೆಮನೆಯವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಯಜಮಾನರಿಗೆ 72 ವರ್ಷ. ಮೊಣಕಾಲಿನ ನೋವು ಅವರ ಬಹುಕಾಲದ ಸಂಗಾತಿ. ನಮಗೂ 69 ತುಂಬಿತ್ತು. ಆದರೆ ಮಕ್ಕಳ ಸಂಸಾರಗಳು ಒಂದು ನೆಲೆಗೆ ನಿಂತ ಮೇಲೆ, ಇನ್ನು ತಡಮಾಡಿದರೆ ಕಾಲುಗಳು ಒಪ್ಪಲಾರವೆಂದು ಬಗೆದು, ಕಳೆದ ಬೇಸಗೆಯಲ್ಲಿ ಐಸ್‌ಲೆಂಡ್ ದ್ವೀಪಕ್ಕೆ ಹೋಗಿಬಂದೆವು.

ಈ ದ್ವೀಪವು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಧ್ರುವವೃತ್ತದ ಅಂಚಿನಲ್ಲಿದೆ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ. ಭೂಮಿಯ ಹೊರಚಿಪ್ಪಿನ ಎರಡು ಮಹಾಫಲಕಗಳು ಇಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದನ್ನೊಂದು ಅಗಲುತ್ತಿವೆ. ಆ ಬಿರುಕಿನಿಂದ ಕರಗಿದ ಕಲ್ಲು ಮೇಲೇರುವುದರಿಂದ ಅಗ್ನಿಪರ್ವತಗಳುಂಟು. ಪರ್ವತಗಳ ನೆತ್ತಿಯ ಮೇಲೆ ಹಿಮದ ಗಡ್ಡೆಗಳು ಕುಳಿತಿರುವುದರಿಂದ ಕರಗಿದ ನೀರು ನದಿಗಳಾಗಿ ಜಲಪಾತಗಳುಂಟು. ಬೆಂಕಿಯೂ ನೀರೂ ಅಲ್ಲಿ ಒಂದೇ ಮನೆಯ ಮಕ್ಕಳು.

ರಾಜಧಾನಿಯಾದ ರೇಕ್ಯವಿಕ್ ನಗರದಿಂದ ಚಿಕ್ಕದೊಂದು ಮೋಟಾರಿನಲ್ಲಿ ಎಂಟು ಮಂದಿ ಹೊರಟೆವು. ಬಂಡಿ ನಡೆಸುವವನೂ ದಾರಿ ತೋರಿಸುವವನೂ ಒಬ್ಬನೇ ತರುಣ. ಮುದುಕರೆಂದು ನಮ್ಮನ್ನು ಅವಸರಪಡಿಸಲೂ ಇಲ್ಲ, ಮುದುಕರೆಂದು ಮರುಕಪಡಲೂ ಇಲ್ಲ. ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಿ ಜಾರುವ ಕಲ್ಲು, ಎಲ್ಲಿ ಕುಳಿತುಕೊಳ್ಳಲು ಹಲಗೆ ಎಂಬುದನ್ನು ಮುಂಚಿತವಾಗಿಯೇ ಹೇಳುತ್ತಿದ್ದನು.

ಮೊದಲ ದಿನ ಸ್ಟ್ರೋಕುರ್ ಎಂಬ ಬಿಸಿನೀರಿನ ಬುಗ್ಗೆಯನ್ನು ಕಂಡೆವು. ಎಸರು ಕುದಿದು ಮುಚ್ಚಳವನ್ನು ಎತ್ತುವಂತೆ, ನೀರು ಮೊದಲು ಗುಮ್ಮಟವಾಗಿ ಉಬ್ಬಿ, ಬಳಿಕ 15-20 ಮೀಟರಿನಷ್ಟು ಮೇಲಕ್ಕೆ ಚಿಮ್ಮುತ್ತದೆ. ಹತ್ತು ನಿಮಿಷದೊಳಗೆ ಮತ್ತೊಮ್ಮೆ. ನೆಲದೊಳಗಿನ ಈ ಕಾವಿನಿಂದಲೇ ಅಲ್ಲಿಯ ಜನ ಮನೆಗಳನ್ನು ಬೆಚ್ಚಗಿಡುತ್ತಾರೆ. ರೈ ಧಾನ್ಯದ ಹಿಟ್ಟನ್ನು ಪಾತ್ರೆಯಲ್ಲಿಟ್ಟು ಬಿಸಿಮಣ್ಣಿನಲ್ಲಿ ಹೂತು, ಒಂದು ಹಗಲು ಒಂದು ರಾತ್ರಿ ಬೇಯಿಸಿ ತೆಗೆಯುತ್ತಾರೆ. ಕಪ್ಪಗೆ, ತುಸು ಸಿಹಿಯಾಗಿರುವ ಆ ರೊಟ್ಟಿಯನ್ನು ಬೆಣ್ಣೆಯೊಡನೆ ತಿಂದೆವು. ಸೌದೆಯಿಲ್ಲದ ಒಲೆಯೆಂದರೆ ಇದೇ ಸರಿ!

ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಗುಲ್‌ಫೋಸ್, ಅಂದರೆ ಹೊನ್ನಿನ ಜಲಪಾತ. ಹ್ವೀಟಾ ನದಿಯು ಎರಡು ಹಂತಗಳಲ್ಲಿ, ಒಟ್ಟು 32 ಮೀಟರು ಧುಮುಕಿ ಇಕ್ಕಟ್ಟಾದ ಕೊರಕಲಿನಲ್ಲಿ ಮರೆಯಾಗುತ್ತದೆ. ದಾರಿಯ ಪಕ್ಕದ ಕಲ್ಲೊಂದರಲ್ಲಿ ಒಬ್ಬ ಹೆಂಗಸಿನ ಮುಖವನ್ನು ಕೆತ್ತಿದ್ದಾರೆ. ಈಕೆ ಸಿಗ್ರಿದುರ್ ತೋಮಾಸ್‌ದೋತಿರ್ (1871-1957), ಸಮೀಪದ ರೈತನ ಮಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರದೇಶದವರು ಇಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಹವಣಿಸಿದಾಗ, ಈಕೆ ನೂರಾರು ಮೈಲಿ ನಡೆದು ರಾಜಧಾನಿಯ ಕಚೇರಿಗಳ ಬಾಗಿಲು ತಟ್ಟಿದಳು. ಕಟ್ಟಿದರೆ ಈ ನೀರಿಗೇ ಹಾರುವೆನೆಂದಳೆಂಬ ಮಾತೂ ಪ್ರಚಾರದಲ್ಲಿದೆ. ಕೊನೆಗೆ ಕಟ್ಟೆ ಏಳಲಿಲ್ಲ. ಆಕೆಗೆ ನೆರವಾದ ವಕೀಲ ಸ್ವೇನ್ ಬ್ಯೋರ್ನ್‌ಸನ್ ಎಂಬವರು 1944ರಲ್ಲಿ ಆ ಗಣರಾಜ್ಯದ ಪ್ರಥಮ ಅಧ್ಯಕ್ಷರಾದರು.

ಆ ಕಲ್ಲಿನ ಮುಂದೆ ನಾವು ಬಹಳ ಹೊತ್ತು ನಿಂತೆವು. ಕಾರಣವನ್ನು ಮುಚ್ಚಿಡಲಾರೆವು. ನಮ್ಮ ತವರು ಶರಾವತಿಯ ದಡದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಅಡಕೆ ತೋಟವೂ ಮನೆಯೂ ಮುಳುಗಿದವು. ಆಗ ನಮಗೆ ಎಂಟು ವರ್ಷ. ತಾಯಿಯವರು ತುಳಸಿಯ ಬುಡದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಎತ್ತಿನ ಗಾಡಿ ಹತ್ತಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಜೋಗದ 253 ಮೀಟರಿನ ಧಾರೆಯೂ ಅಂದಿನಿಂದ ಬೇಸಗೆಯಲ್ಲಿ ಸೊರಗಿತು. ಹಾಗೆಂದು ದೂರುವ ಬಾಯಿಯೂ ನಮಗಿಲ್ಲ. ಮಕ್ಕಳು ರಾತ್ರಿ ಓದಿ ವಿದ್ಯಾವಂತರಾದದ್ದು ಅದೇ ನೀರು ಕೊಟ್ಟ ದೀಪದ ಬೆಳಕಿನಲ್ಲಿ. ಸಿಗ್ರಿದುರಳ ನೀರು ಉಳಿಯಿತು, ನಮ್ಮ ನೀರು ಬೆಳಕಾಯಿತು. ಯಾವುದು ಸರಿಯೆಂದು ತೂಗಿ ಹೇಳಲು ನಾವು ಶಕ್ತರಲ್ಲ. ಯಜಮಾನರು ಏನನ್ನೂ ಕೇಳದೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

ಮರುದಿನ ದಕ್ಷಿಣದ ಕಡಲಂಚಿನ ಹೆದ್ದಾರಿ ಹಿಡಿದೆವು. ಸೆಲ್ಯಾಲಾಂಡ್ಸ್‌ಫೋಸ್ ಎಂಬ ಜಲಪಾತವು ಹಿಂದೊಮ್ಮೆ ಸಮುದ್ರದ ದಡವಾಗಿದ್ದ ಬಂಡೆಯಿಂದ ಸುಮಾರು 60 ಮೀಟರು ಬೀಳುತ್ತದೆ. ಬೀಳುವ ನೀರಿನ ಹಿಂದುಗಡೆಯೇ ಕಾಲುದಾರಿಯಿದೆ. ಮಾರ್ಗದರ್ಶಕನು ಯಜಮಾನರ ಕಾಲನ್ನೊಮ್ಮೆ ನೋಡಿ, ಬೇಡವೆಂದು ವಿನಯದಿಂದ ತಲೆಯಾಡಿಸಿದನು. “ನೀನು ಹೋಗಿ ಬಾ, ನಾನಿಲ್ಲೇ ಕುಳಿತಿರುತ್ತೇನೆ” ಎಂದರು. ನಾವೊಬ್ಬರೇ ಹೋದೆವು. ಒಳಗಿನಿಂದ ನೋಡಿದರೆ ಲೋಕವೆಲ್ಲ ನೀರಿನ ಪರದೆಯಾಚೆ ನಡುಗುತ್ತಿತ್ತು. ಹೊರಬಂದು ನೆನೆದ ಬಟ್ಟೆಯಲ್ಲಿ ನಡುಗುತ್ತ, “ನೀವು ಬರಬೇಕಾಗಿತ್ತು” ಎಂದೆವು. “ನೀನು ನೀರಿನೊಳಗಿಂದ ಎದ್ದು ಬಂದದ್ದನ್ನು ಇಲ್ಲಿಂದಲೇ ನೋಡಬೇಕು” ಎಂದು ಅವರು ನಕ್ಕರು.

ಆ ನೀರು ಬರುವುದು ಏಯಾಫ್ಯಾಟ್ಲಾ ಹಿಮಪರ್ವತದಿಂದ. 2010ರ ಏಪ್ರಿಲಿನಲ್ಲಿ ಇದು ಹಿಮವನ್ನು ಭೇದಿಸಿ ಬೂದಿಯನ್ನು ಕಾರಿ, ಯೂರೋಪಿನ ವಿಮಾನಸಂಚಾರವನ್ನು ಬಹು ದಿನ ತಡೆಯಿತು. ನಾವು ಕಂಡಾಗ ಬಿಳಿಯ ಹೊದಿಕೆ ಹೊದ್ದು ಮಲಗಿದ ಅಜ್ಜನಂತಿತ್ತು.

ಇದರ ಪಕ್ಕದ ಕಾಟ್ಲಾ ಎಂಬ ಅಗ್ನಿಪರ್ವತವು ಇನ್ನೂ ದೊಡ್ಡದು. ಇದು 1918ರಲ್ಲಿ ಸ್ಫೋಟಿಸಿದಾಗ ಹಿಮ ಕರಗಿ ಮಹಾಪ್ರವಾಹವಾಗಿ, ಹೊತ್ತು ತಂದ ಮಣ್ಣಿನಿಂದ ಕರಾವಳಿಯೇ ಕಡಲಿನೊಳಕ್ಕೆ ಬೆಳೆಯಿತು. ಅದರ ತಪ್ಪಲಲ್ಲಿ ವೀಕ್ ಎಂಬ ಪುಟ್ಟ ಊರು. ಊರಿನ ಮೇಲುಗಡೆ ದಿಬ್ಬದಲ್ಲಿ ಕೆಂಪು ಮಾಡಿನ ಇಗರ್ಜಿ. ಕಾಟ್ಲಾ ಎಚ್ಚತ್ತರೆ ಜನರೆಲ್ಲ ಆ ದಿಬ್ಬವನ್ನೇರಬೇಕೆಂದು ಗೊತ್ತುಮಾಡಿದ್ದಾರೆ. ಅದಕ್ಕಾಗಿ ಅಭ್ಯಾಸವನ್ನೂ ನಡೆಸುತ್ತಾರಂತೆ.

ಇಗರ್ಜಿಯ ಬಳಿಗೆ ಮೋಟಾರು ಹೋಗುವುದರಿಂದ ಇಬ್ಬರೂ ಜತೆಯಲ್ಲಿಯೇ ಏರಿದೆವು. ಕೆಳಗೆ ಒಗೆದ ಬಟ್ಟೆಗಳನ್ನು ಒಣಹಾಕಿದ ಹಿತ್ತಿಲುಗಳು, ಹೂವಿನ ಕುಂಡಗಳು. ಬಿಟ್ಟು ಹೊರಡಬೇಕಾದೀತೆಂದು ಬಲ್ಲವರೂ ಹೂವಿನ ಗಿಡಕ್ಕೆ ನೀರೆರೆಯುತ್ತಿದ್ದಾರೆ. ತಾಯಿಯವರು ಕಟ್ಟಿಕೊಂಡು ಬಂದ ಆ ಹಿಡಿ ಮಣ್ಣಿನಲ್ಲಿ ಹೊಸ ಊರಿನ ತುಳಸಿಯೂ ಹೀಗೆಯೇ ಚಿಗುರಿತ್ತು.

ನಮ್ಮ ವಯಸ್ಸಿನ ವಾಚಕರಿಗೆ ಒಂದು ಮಾತು. ಹೋಗಬೇಕೆಂಬ ಆಸೆಯಿದ್ದರೆ ಹೋಗಿರಿ. ಬೇಸಗೆಯಾದರೂ ಉಣ್ಣೆಯ ಬಟ್ಟೆಯನ್ನೂ, ಮಳೆಯಂಗಿಯನ್ನೂ, ಜಾರದ ಪಾದರಕ್ಷೆಯನ್ನೂ ಒಯ್ಯಿರಿ. ದಾರಿ ಬಲ್ಲವನು ಬೇಡವೆಂದ ಕಡೆ ನಿಲ್ಲಿರಿ. ನಿಂತ ಸ್ಥಳದಿಂದಲೂ ಕಾಣತಕ್ಕದ್ದು ಬಹಳವಿದೆ ಎಂಬುದಕ್ಕೆ ನಮ್ಮ ಯಜಮಾನರೇ ಸಾಕ್ಷಿ.